ಕೆಂಪು ಪಟ್ಟಿಯಲ್ಲಿ ಅವಳ ನಂಬರು

"ನಾನು ಫೇಲಾಗ್ತೀನಿ ಅಂತ ಬರೆದೋರು ಯಾರು?"

ಬಾಗಿಲು ಕೂಡ ತಟ್ಟದೆ ಒಳಗೆ ನುಗ್ಗಿದ್ದಳು ಅವಳು. ಕೈಯಲ್ಲಿ ಮುದುಡಿಹೋದ ಪತ್ರ. ಕಾಲೇಜಿನ ಅಂಕಿಅಂಶ ವಿಭಾಗದ ಆ ಇಕ್ಕಟ್ಟು ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಸ್ಟೂಲು. ಬಾಯಿಗಿಟ್ಟ ಬಿಸ್ಕತ್ತನ್ನು ಹಾಗೇ ಕೈಗೆ ತೆಗೆದುಕೊಂಡು ಎದ್ದುನಿಂತ ಒಬ್ಬ ಗಂಡಸು.

"ನಾನೇ... ಅಂದ್ರೆ, ನಾನಲ್ಲ. ನಾನು ಮಾಡಿದ ಪ್ರೋಗ್ರಾಂ."

"ಓಹೋ! ಕಚ್ಚಿದ್ದು ನಾನಲ್ಲ, ನನ್ನ ನಾಯಿ ಅಂದ ಹಾಗಾಯ್ತು!"

ಪಾಪ, ಅವನ ಮುಖ ಸಪ್ಪಗಾಯಿತು.

ವಿದ್ಯಾರ್ಥಿಗಳು ಅವನಿಗೆ ಇಟ್ಟಿದ್ದ ಹೆಸರು 'ಶೇಕಡಾ ಸಾಹೇಬ'. ಹಾಜರಿ, ಹಳೆಯ ಅಂಕ, ಲೈಬ್ರರಿಗೆ ಎಷ್ಟು ಸಲ ಹೋದರು ಅನ್ನೋದನ್ನೆಲ್ಲ ಕಂಪ್ಯೂಟರಿಗೆ ಉಣ್ಣಿಸಿ, ಯಾರು ಪಾಸಾಗ್ತಾರೆ ಅಂತ ಮುಂಚೆಯೇ ಹೇಳೋದು ಅವನ ಕೆಲಸ. ನೂರಕ್ಕೆ ಐವತ್ತಕ್ಕಿಂತ ಕೆಳಗೆ ಬಂದವರದು ಕೆಂಪು ಪಟ್ಟಿ. ಅಂಥವರಿಗೆ ಹೆಚ್ಚಿನ ಪಾಠ ಹೇಳಿಕೊಡಲಿ ಅಂತ ಶುರುವಾದ ಪಟ್ಟಿ ಅದು. ಈ ವರ್ಷ ಅವಳು ಓದುವ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ ಬೇರೆಯೇ ಬುದ್ಧಿ ಬಂತು. ಕೆಂಪಿನವರಿಗೆ ಅಂತಿಮ ವರ್ಷವೇ ಬೇಡ, ಎರಡು ವರ್ಷದ ಸರ್ಟಿಫಿಕೇಟ್ ಕೊಟ್ಟು ಮನೆಗೆ ಕಳಿಸಿಬಿಡೋಣ! ಅದನ್ನು ತೀರ್ಮಾನ ಮಾಡೋ ಸಭೆಗೆ ಇನ್ನು ಎರಡೇ ವಾರ.

ಅವಳಿಗೆ ಬಂದದ್ದು ಹತ್ತೊಂಬತ್ತು.

ಅವಳ ವಯಸ್ಸು ಇಪ್ಪತ್ತೇಳು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ನಾಲ್ಕು ವರ್ಷ ಓದು ಬಿಟ್ಟವಳು. ಅಪ್ಪ ಹೋದ ಮೇಲೆ, "ಸಾಕು ಅತ್ತಿದ್ದು, ಹೋಗಿ ಓದ್ಕೋ" ಅಂತ ಅಕ್ಕ ಹಠ ಹಿಡಿದು ಮತ್ತೆ ಸೇರಿಸಿದ್ದಳು. ಈಗ ಅಕ್ಕನಿಗೆ ಏನಂತ ಹೇಳೋದು?

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

"ನೋಡಿ, ನಾಲ್ಕು ವರ್ಷ ಬಿಡುವು. ಅದಕ್ಕೆ ಸ್ವಲ್ಪ ಕಡಿಮೆಯಾಗುತ್ತೆ. ಅದಕ್ಕಿಂತ ಹೆಚ್ಚಾಗಿ... ಈ ವರ್ಷ ನೀವು ಒಂದೇ ಒಂದು ದಿನ ಲೈಬ್ರರಿಗೆ ಹೋಗಿಲ್ಲ."

ಅವಳು ಕಣ್ಣು ಕಣ್ಣು ಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಸ್ವಾಮಿ, ಹೋದ ವಾರ ನೀವು ಒಂದು ದಪ್ಪ ಪುಸ್ತಕ ತಗೊಂಡ್ರಲ್ಲ, ಅದಕ್ಕೆ ಸೀಲು ಒತ್ತಿದ್ದು ಯಾರು?"

ಅವನು ಅವಳ ಮುಖವನ್ನು ಆಗ ಸರಿಯಾಗಿ ನೋಡಿದ. ಹೌದು! ಕೌಂಟರಿನ ಹಿಂದೆ ತಲೆ ತಗ್ಗಿಸಿ ಕೂತಿರುವ ಹುಡುಗಿ! ದಿನಾ ನಾಲ್ಕರಿಂದ ಎಂಟರವರೆಗೆ ಅಲ್ಲೇ ಕೆಲಸ, ಅಲ್ಲೇ ಓದು. ಆದರೆ ಒಳಗೆ ಬರೋದು ಸಿಬ್ಬಂದಿಯ ಹಿಂಬಾಗಿಲಿನಿಂದ. ಅಲ್ಲಿ ಕಾರ್ಡು ಉಜ್ಜುವ ಯಂತ್ರವೇ ಇಲ್ಲ.

"ಅಯ್ಯೋ..." ಅಂದ ಅವನು. "ನಾನು ಮುಂಬಾಗಿಲನ್ನ ಮಾತ್ರ ಎಣಿಸಿದೀನಿ."

ತಪ್ಪು ಅಂತ ಗೊತ್ತಾದ ತಕ್ಷಣ ಒಪ್ಪಿಕೊಂಡುಬಿಟ್ಟನಲ್ಲ! ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದವಳು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನದಿಂದ ಅವನು ಲೈಬ್ರರಿಯ ಹಿಂಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ. ಕ್ಯಾಂಟೀನು, ಹಾಸ್ಟೆಲ್ಲು, ಲೈಬ್ರರಿಯಲ್ಲಿ ದುಡಿಯುತ್ತ, ಆ ಬಾಗಿಲಿನಿಂದ ಬಂದು ಓದುವವರು ಒಟ್ಟು ಹನ್ನೊಂದು ಜನ. ಎಲ್ಲರ ಹೆಸರು, ಹೊತ್ತು ಬರೆದುಕೊಂಡ. ಬರೆಯೋದು ಮೂರೇ ದಿನಕ್ಕೆ ಮುಗಿಯಿತು. ಆದರೂ ಸಾಹೇಬರು ಬರೋದು ಮಾತ್ರ ನಿಲ್ಲಲಿಲ್ಲ ನೋಡಿ!

ಐದಾದರೆ ಸಾಕು, ಅವಳ ಕಣ್ಣು ಗಡಿಯಾರಕ್ಕೆ. ಐದೂಕಾಲಾದರೂ ಬರದಿದ್ದರೆ ಪುಸ್ತಕದಲ್ಲಿ ಅಕ್ಷರವೇ ಕಾಣಿಸುತ್ತಿರಲಿಲ್ಲ.

"ಓದುವಾಗ ನಿಮ್ಮ ತುಟಿ ಅಲ್ಲಾಡುತ್ತೆ" ಅಂದ ಒಂದು ದಿನ.

"ಅದನ್ನೂ ಎಣಿಸಿದ್ರಾ?"

"ಇಲ್ಲ... ಅದು ಸುಮ್ನೆ ನೋಡಿದ್ದು."

ಅವಳ ಕಿವಿ ಬಿಸಿಯಾಯಿತು. *ಏನಾಗಿದೆ ನನಗೆ? ವರ್ಷವೇ ಕೈಬಿಟ್ಟು ಹೋಗ್ತಿದೆ, ನಾನಿಲ್ಲಿ ನಾಚಿಕೊಳ್ತಾ ಕೂತಿದೀನಿ!*

ಸಭೆಯ ಹಿಂದಿನ ದಿನ ಅವನು ಬಂದಾಗ ಮುಖದಲ್ಲಿ ಕಳೆಯೇ ಇರಲಿಲ್ಲ.

"ಹಿಂಬಾಗಿಲಿನ ಲೆಕ್ಕ ಸೇರಿಸಿದೆ. ಹನ್ನೊಂದು ಜನರಲ್ಲಿ ಎಂಟು ಜನ ಕೆಂಪು ದಾಟಿದ್ರು."

"ನಾನು?"

"...ನಲವತ್ನಾಲ್ಕು."

ಅವಳ ಕೈಯಲ್ಲಿದ್ದ ಸೀಲು ಮೇಜಿನ ಮೇಲೆ ಬಿತ್ತು. ಆರು! ಐವತ್ತಕ್ಕೆ ಬರೀ ಆರು ಕಡಿಮೆ!

"ಆ ನಾಲ್ಕು ವರ್ಷ..." ಅಂದ ಅವನು ಮೆಲ್ಲಗೆ. "ಅದನ್ನ ಪ್ರೋಗ್ರಾಂ ಬಿಡ್ತಾ ಇಲ್ಲ."

"ಅಪ್ಪನಿಗೆ ಗಂಜಿ ಕುಡಿಸಿದ ನಾಲ್ಕು ವರ್ಷ ಅದು! ಬಿಡುವು ಅಂತೀರಲ್ಲ! ಆರು ಅಂಕಿ ನಿಮ್ಮ ಕೈಯಲ್ಲೇ ಇಲ್ವಾ?"

"ಕೈಯಲ್ಲಿದೆ. ಹಾಕಿದ್ರೆ ಅದು ಸುಳ್ಳಾಗುತ್ತೆ. ನಾಳೆ ನೀವು ಪಾಸಾದ್ರೂ ಜನ ಅದು ನನ್ನ ದಯೆ ಅಂತಾರೆ."

"ಹೋಗಿ. ಇನ್ನು ಈ ಕೌಂಟರಿಗೆ ಬರಬೇಡಿ."

ಅವನು ತನ್ನ ಸ್ಟೂಲು ಎತ್ತಿಕೊಂಡ. ಹೊರಟುಹೋದ.

ಮನೆಯಲ್ಲಿ ಅಕ್ಕ ತಟ್ಟೆ ಮುಂದಿಟ್ಟರೆ ಅವಳು ಅದನ್ನು ಪಕ್ಕಕ್ಕೆ ಸರಿಸಿ ಕಣ್ಣೊರೆಸಿಕೊಂಡಳು.

"ಸೀಟು ಹೋಗುತ್ತೆ ಅಂತ ಇಷ್ಟು ಅಳ್ತಿದೀಯೇನೇ? ಇಲ್ಲಾ ಆ ಸಾಹೇಬನಿಗೋಸ್ಕರಾನಾ?"

"ಅವನ ಸುದ್ದಿ ಎತ್ತಬೇಡ ಅಕ್ಕ!"

"ಸರಿ, ಎತ್ತಲ್ಲ. ಅಳ್ತಿರೋದು ಅವನಿಗೋಸ್ಕರಾನೇ ಅಂತ ಗೊತ್ತಾಯ್ತು ಬಿಡು."

ಅವಳು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು.

ಆದರೆ ಸಭೆಯಿಂದ ಬಂದ ಸುದ್ದಿಯೇ ಬೇರೆ! ಪಟ್ಟಿ ನೋಡಿ ಯಾರನ್ನೂ ಹೊರಗೆ ಹಾಕೋದಿಲ್ಲ. ಕೆಂಪಿನವರೆಲ್ಲರಿಗೂ ತಿಂಗಳ ಕೊನೆಯಲ್ಲಿ ಒಂದು ಪರೀಕ್ಷೆ. ಪಾಸಾದವರಿಗೆ ಅಂತಿಮ ವರ್ಷ. ಯಾರ ಪುಣ್ಯವೋ ಅಂದುಕೊಂಡು ಅವಳು ಹಗಲೆಲ್ಲ ಓದಿದಳು. ಅವನು ಮಾತ್ರ ಲೈಬ್ರರಿಯ ಕಡೆ ಸುಳಿಯಲೇ ಇಲ್ಲ. *ಬರಬೇಡಿ ಅಂದೆ, ನಿಜ. ಅಷ್ಟಕ್ಕೇ ಬರೋದೇ ಬಿಟ್ಟುಬಿಡೋದಾ?*

ಫಲಿತಾಂಶದ ದಿನ ಹನ್ನೊಂದು ಗಂಟೆಗೆ ಬೋರ್ಡಿನಲ್ಲಿ ತನ್ನ ನಂಬರು ಕಂಡಳು. ಮೂರು ಸಲ ಓದಿಕೊಂಡಳು. ಓಡಿಬಂದು ಲೈಬ್ರರಿಯ ಮೇಡಂ ಕೈ ಹಿಡಿದುಕೊಂಡಳು.

"ಆ ಸಾಹೇಬನಿಗೆ ಹೇಳಿದ್ಯಾ?" ಅಂದರು ಮೇಡಂ.

"ಅವರಿಗ್ಯಾಕೆ?"

"ನಿಂಗೊತ್ತಿಲ್ವಾ? ಸಭೆಯಲ್ಲಿ ನಾನೂ ಇದ್ದೆ. ಅವನು ಎದ್ದು ನಿಂತು, 'ಈ ಪಟ್ಟಿ ಮಾಡಿದೋನು ನಾನು. ಇದು ಸಹಾಯ ಯಾರಿಗೆ ಬೇಕು ಅಂತ ಹೇಳುತ್ತೆ. ಯಾರನ್ನ ಹೊರಗೆ ಹಾಕಬೇಕು ಅಂತ ಹೇಳಲ್ಲ. ಹಾಗೆ ಬಳಸೋದಾದ್ರೆ ಪ್ರೋಗ್ರಾಂ ಅಳಿಸಿಬಿಡ್ತೀನಿ' ಅಂದುಬಿಟ್ಟ! ಮುಖ್ಯಸ್ಥರಿಗೆ ಮೈಯೆಲ್ಲ ಉರಿದುಹೋಯ್ತು. ಅವನನ್ನ ಹಳೇ ಕಡತಗಳ ಕೋಣೆಗೆ ಹಾಕಿದ್ರು."

ಅವಳು ಮೆಟ್ಟಿಲ ಕಡೆ ಓಡಿದಳು. ಎಂಥ ಮಾತಾಡಿಬಿಟ್ಟೆ ನಾನು!

ಕಡತದ ಕೋಣೆ ನೆಲಮಾಳಿಗೆಯಲ್ಲಿತ್ತು. ಧೂಳು ಹಿಡಿದ ಕಟ್ಟುಗಳ ನಡುವೆ ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದ. ಅವಳ ಕಣ್ಣಲ್ಲಿ ನೀರು ಧಾರೆಧಾರೆ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಋಣ ತೀರಿಸೋಕೆ ಪರೀಕ್ಷೆ ಬರೀತಿದ್ರಿ. ನಿಮಗೋಸ್ಕರ ಬರೀಲಿ ಅಂತ..."

"ರಿಸಲ್ಟ್ ನೋಡಿದ್ರಾ?"

"ಇಲ್ಲ."

"ಸುಳ್ಳು! ಅಂಕಿ ನೋಡದೆ ನಿಮಗೆ ಬೆಳಗಾಗುತ್ತಾ?"

"ಬೇಕೂಂತಲೇ ನೋಡಿಲ್ಲ." ಅವನು ಕರವಸ್ತ್ರ ಬಿಚ್ಚಿದ. "ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಪಾಸಾದಿರಿ ಅಂತ ಗೊತ್ತಾದ ಮೇಲೆ ಕೇಳಿದ್ರೆ, ಪಾಸಾಗಿದ್ದಕ್ಕೆ ಕೇಳ್ದ ಅಂದ್ಕೋತೀರಿ. ಫೇಲು ಅಂತ ಗೊತ್ತಾದ ಮೇಲೆ ಕೇಳಿದ್ರೆ, ಅಯ್ಯೋ ಪಾಪ ಅಂತ ಕೇಳ್ದ ಅಂದ್ಕೋತೀರಿ. ಅದಕ್ಕೇ ಏನೂ ಗೊತ್ತಿಲ್ಲದಾಗಲೇ ಕೇಳ್ತಿದೀನಿ... ನನ್ನ ಮದುವೆ ಆಗ್ತೀರಾ?"

ಅಂಕ ನೋಡಿ, ವಯಸ್ಸು ನೋಡಿ, ಬಿಟ್ಟುಹೋದ ವರ್ಷ ಎಣಿಸಿ ಅವಳನ್ನು ಅಳೆದವರೇ ಎಲ್ಲ. ಏನನ್ನೂ ನೋಡದೆ ಕೇಳಿದವನು ಇವನೊಬ್ಬನೇ.

"ಹೂಂ... ಆಗ್ತೀನಿ." ಅವಳು ಕಣ್ಣೊರೆಸಿಕೊಂಡಳು. "ಈಗ ಹೇಳ್ಲಾ?"

"ಹೇಳಿ."

"ಪಾಸ್!"

ಅವನು ಅಲ್ಲೇ ಕಟ್ಟುಗಳ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ.

"ಅಯ್ಯೋ, ನೀವ್ಯಾಕೆ ಅಳ್ತೀರಿ?"

"ನಲವತ್ನಾಲ್ಕು ಅಂತ ಬರೆದೋನು ನಾನೇ ಅಲ್ವಾ... ಅದೇ ನಿಜ ಆಗಿಬಿಟ್ರೆ ಅಂತ ಇಡೀ ತಿಂಗಳು ಎಷ್ಟು ಹೆದರಿದ್ದೆ ಗೊತ್ತಾ?"

ಅವಳು ಪಕ್ಕದಲ್ಲೇ ಕೂತು ಅವನ ಧೂಳು ಹಿಡಿದ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಇನ್ಮೇಲೆ ಹೆದರಿಕೆ ಆದ್ರೆ ನನಗೆ ಹೇಳಿ. ಇಬ್ಬರೂ ಸೇರಿ ಹೆದರೋಣ."