ಖಾಲಿ ಜಾಗದ ಸುತ್ತ

ನಾಯಂಡಹಳ್ಳಿ ದಾಟಿದ ಮೇಲೆ ವೃಷಭಾವತಿಯ ದಡದ ಸೈಕಲ್ ಹಾದಿ ಸ್ವಲ್ಪ ದೂರ ನೇರವಾಗಿ ಸಾಗುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ಹೊಂಗೆಯ ಸಾಲು. ಬೆಳಗಿನ ಪ್ರವಾಸಿ ತಂಡ ಅಲ್ಲಿಗೆ ಬಂದಾಗ ಮುಂದಿದ್ದವನ ಎಡ ಅಂಗೈಯೊಳಗೆ ಹ್ಯಾಂಡಲ್ ಸಣ್ಣಗೆ ನಡುಗಿತು. ಅವನು ಪಕ್ಕದವಳ ಜೊತೆ ಆಡುತ್ತಿದ್ದ ಮಾತನ್ನು ನಿಲ್ಲಿಸದೆ ಬಲಕ್ಕೆ ವಾಲಿದ, ಏನನ್ನೋ ಬಳಸಿಕೊಂಡು ಹೋಗಿ ಮತ್ತೆ ಎಡಕ್ಕೆ ಬಂದ. ಹಿಂದಿನವರೂ ಹಾಗೆಯೇ ವಾಲಿದರು, ಬಳಸಿದರು, ಎಡಕ್ಕೆ ಬಂದರು. ಹರಿಯುವ ನೀರು ಬಂಡೆಯನ್ನು ಸುತ್ತಿ ಹೋಗುವ ಹಾಗಿತ್ತು ಅದು. ಬಂಡೆ ಮಾತ್ರ ಇರಲಿಲ್ಲ.

ಇದ್ದದ್ದು ಒಂದಿಷ್ಟು ಸೇವಂತಿಗೆ, ಟಾರಿನ ಮೇಲೆ ಬಳಿದ ಅರಿಶಿನ.

"ಅದೇನದು?" ಎಂದು ಕೊನೆಯಲ್ಲಿದ್ದ ಹೆಂಗಸೊಬ್ಬಳು ಗೈಡ್ ಚೆಲುವರಾಜನನ್ನು ಕೇಳಿದಳು.

"ಹೊಳೆಯಮ್ಮ ಅಂತ ಮೇಡಂ. ಭಾರಿ ಪವರ್ರು. ಸೈಕಲ್ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ನೋಡಿದ್ರಲ್ಲ?"

"ಅದು ಹ್ಯಾಂಡಲ್ ಕೆಲಸ ಅಲ್ವಾ?"

"ಹ್ಯಾಂಡಲ್‌ಗೆ ಹೇಳೋರು ಯಾರು ಮತ್ತೆ?" ಎಂದ ಚೆಲುವರಾಜ. ಹೆಂಗಸು ನಕ್ಕಳು. ಆದರೆ ಮುಂದಿನ ಸೇತುವೆಯವರೆಗೂ ಒಂದೆರಡು ಸಲ ಹಿಂತಿರುಗಿ ನೋಡಿದಳು.

ಹ್ಯಾಂಡಲ್‌ಗೆ ಹೇಳುತ್ತಿದ್ದದ್ದು ಹಾದಿ. ಅದನ್ನು ರೂಪಿಸಿದವಳು ಡಾ. ಸಿಂಚನಾ. ನದಿಯನ್ನು ಶುದ್ಧಗೊಳಿಸಿ, ಎರಡೂ ದಡಗಳಲ್ಲಿ ಕೆಂಗೇರಿಯ ಆಚೆಯವರೆಗೆ ಉದ್ಯಾನ ಬೆಳೆಸಿದಾಗ, ಸೈಕಲ್ ಹಾದಿಯ ಟಾರಿನ ಕೆಳಗೆ ಅವಳು ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಬಲೆ ಹಾಸಿಸಿದಳು. ಮೇಲೆ ಚಕ್ರ ಉರುಳಿದರೆ ಎಳೆ ಬಾಗುತ್ತದೆ, ಅದರೊಳಗೆ ಓಡುವ ಬೆಳಕು ಚೂರು ಬದಲಾಗುತ್ತದೆ. ಯಾವ ಚಕ್ರ ಎಲ್ಲಿ ಹಾಯಿತು, ಎಲ್ಲಿ ತಪ್ಪಿಸಿಕೊಂಡಿತು ಎಂಬುದು ಹಾದಿಗೆ ತಿಳಿಯುತ್ತದೆ. ನಾಲ್ಕಾರು ಜನ ಒಂದು ಜಾಗವನ್ನು ತಪ್ಪಿಸಿದರೆ ಅಲ್ಲಿ ಗಾಜಿನ ಚೂರೋ, ಗುಂಡಿಯೋ, ಮಲಗಿದ ನಾಯಿಯೋ ಇದೆ ಎಂದು ಅರ್ಥ. ಹಾದಿ ಸಂಕೇತ ಕಳಿಸಿ ಹಿಂದೆ ಬರುವವರ ಹ್ಯಾಂಡಲ್ ನಡುಗಿಸುತ್ತದೆ. ತಪ್ಪಿಸುವವರು ಇಲ್ಲವಾದರೆ ಎಚ್ಚರಿಕೆ ತಾನಾಗಿ ಅಳಿದುಹೋಗುತ್ತದೆ. ಜನ ಅದನ್ನು 'ಗೊತ್ತಿರೋ ರೋಡು' ಎಂದು ಕರೆದರು. ಬಿದ್ದು ಗಾಯ ಮಾಡಿಕೊಳ್ಳುವವರು ಇಲ್ಲವಾದರು. ಉದ್ಯಾನದ ಕ್ಯಾಮೆರಾಗಳನ್ನೆಲ್ಲ ತೆಗೆಸಿದ್ದು ಸಿಂಚನಾಳಿಗೆ ಇನ್ನೂ ಹೆಮ್ಮೆಯ ವಿಷಯ. ಯಾರ ಮುಖವನ್ನೂ ನೋಡದೆ ಎಲ್ಲರನ್ನೂ ಕಾಯುವ ಹಾದಿ ಎಂದು ಅವಳು ಭಾಷಣಗಳಲ್ಲಿ ಹೇಳುತ್ತಿದ್ದಳು.

ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಭೂಮಿಕಾ ಎಂಬ ಯುವತಿ ಅವಳನ್ನು ಹುಡುಕಿಕೊಂಡು ಬಂದಳು. ಹೊಸೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತಳು.

"ನಿಮ್ಮ ರೋಡಿಗೆ ಎಲ್ಲಾ ನೆನಪಿರುತ್ತಂತಲ್ಲ ಮೇಡಂ?"

"ಎಲ್ಲಾ ಅಲ್ಲ. ಏನಾಗಬೇಕಿತ್ತು?"

"ಆ ಅರಿಶಿನ ಹಚ್ಚಿದಾರಲ್ಲ, ಆ ಜಾಗ. ಅದು ನಮ್ಮ ಮನೆ ಹೊಸ್ತಿಲು."

ಅವಳು ಹೇಳಿದ್ದು ಇಷ್ಟು. ಉದ್ಯಾನ ಬರುವ ಮೊದಲು ಆ ದಡದ ಮೇಲೆ ಶೀಟಿನ ಮನೆಗಳಿದ್ದವು. ಅವನ್ನು ತೆಗೆಸಿ ಎಲ್ಲರಿಗೂ ಬಿಡದಿಯ ಆಚೆ ಫ್ಲ್ಯಾಟು ಕೊಟ್ಟರು. ಅವಳ ತಾಯಿ ರೋಜಮ್ಮನಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ದಿನಾ ಬೆಳಗ್ಗೆ ಬಸ್ಸು ಹತ್ತಿ ಬಂದು, ತನ್ನ ಹೊಸ್ತಿಲಿದ್ದ ಜಾಗದಲ್ಲಿ ಹಾದಿಯ ಅಂಚಿಗೆ ಕೂತು, ಸಂಜೆ ಹಿಂತಿರುಗುತ್ತಿದ್ದಳು. ಕಾವಲಿನವರು ಎಬ್ಬಿಸಿದರೆ ಎದ್ದು ಹೋಗಿ, ಅವರು ಮರೆಯಾದ ಮೇಲೆ ಮತ್ತೆ ಬಂದು ಕೂರುತ್ತಿದ್ದಳು. ಒಂದು ಸಂಜೆ ಹಿಂತಿರುಗಲಿಲ್ಲ. ಯಾವ ಸಂಜೆ ಎಂಬುದು ಅಕ್ಕಪಕ್ಕದವರಿಗೂ ತಿಳಿಯದು.

"ಪೊಲೀಸಿನವರು ಕೇಳೋದು ಒಂದೇ. ಕೊನೇ ಸಲ ಯಾವತ್ತು ಕಂಡಿದ್ದು ಅಂತ. ನಾನು ಹೋದ ಯುಗಾದಿಗೆ ನೋಡಿದ್ದು. ಆಮೇಲೆ ರಜೆ ಸಿಗಲಿಲ್ಲ. ಅಮಾವಾಸ್ಯೆಗೆ ಸತ್ತೋರಿಗೆ ಎಡೆ ಇಡ್ತೀವಿ. ಅಪ್ಪನಿಗೆ ಇಡ್ಬೇಕು. ಅಮ್ಮನಿಗೂ ಇಡಬೇಕಾ ಬೇಡವಾ ಗೊತ್ತಾಗ್ತಿಲ್ಲ. ಇದ್ದಾಗಲೇ ಇಟ್ಟುಬಿಟ್ರೆ ಬದುಕಿರೋಳನ್ನ ನಾನೇ ಕಳಿಸಿಕೊಟ್ಟ ಹಾಗೆ. ಇಲ್ಲದೇ ಹೋಗಿ, ಇಡದೇ ಇದ್ರೆ ಹಸಿದು ನಿಂತಿರ್ತಾಳೆ. ಯಾವತ್ತಿನವರೆಗೆ ಕೂತಿದ್ಲು ಅಂತ ರೋಡಿಗೆ ಗೊತ್ತಿದ್ರೆ ಹೇಳಿ ಮೇಡಂ."

ಸಿಂಚನಾ ತೆರೆಯ ಮೇಲೆ ಆ ಜಾಗವನ್ನು ಹಿಗ್ಗಿಸಿದಳು. ಸಾವಿರಾರು ತೆಳು ಗೆರೆಗಳು ಒಂದೇ ಕಡೆ ಬಾಗಿದ್ದವು. ಗೆರೆಗಳ ನಡುವೆ, ಎಲೆಯ ಮೇಲೆ ಹುಳು ಕೊರೆದ ರಂಧ್ರದ ಹಾಗೆ, ಒಂದು ಬಿಳಿ ಜಾಗ. ಕೂತ ಮನುಷ್ಯನಷ್ಟು ಅಗಲ. ಉದ್ಯಾನ ತೆರೆದ ವಾರದಲ್ಲೂ ಅಷ್ಟೇ ಇತ್ತು, ಈ ದಿನ ಬೆಳಗ್ಗೆಯೂ ಅಷ್ಟೇ ಇತ್ತು.

ಮೊದಲು ಜನ ರೋಜಮ್ಮನನ್ನು ತಪ್ಪಿಸಿದರು. ಹಾದಿ ಕಲಿಯಿತು, ಹ್ಯಾಂಡಲ್ ನಡುಗಿತು. ಹ್ಯಾಂಡಲ್ ನಡುಗಿತೆಂದು ಜನ ತಪ್ಪಿಸಿದರು. ಜನ ತಪ್ಪಿಸಿದರೆಂದು ಹಾದಿ ಮತ್ತೆ ಕಲಿಯಿತು. ನಡುವೆ ಎಲ್ಲೋ ಒಂದು ದಿನ ರೋಜಮ್ಮ ಇಲ್ಲವಾಗಿದ್ದಳು. ಅದರಿಂದ ಏನೂ ಬದಲಾಗಿರಲಿಲ್ಲ.

"ಅವಳ ಭಾರ ಗೊತ್ತಾಗಿರಲ್ವಾ? ಕೂತಿದ್ದಳಲ್ಲ ಅಲ್ಲೇ," ಎಂದಳು ಭೂಮಿಕಾ.

ಸಿಂಚನಾ ತೆರೆಯಿಂದ ಅವಳ ಕಡೆ ತಿರುಗಿದಳು. "ಅಲುಗದೇ ಇರೋದನ್ನ ಹಾದಿ ಬಿಟ್ಟುಬಿಡುತ್ತೆ. ಕಲ್ಲು, ಬೆಂಚು, ಕಸದ ಡಬ್ಬಿ ಎಲ್ಲಾ ಸೇರಿ ಗೊಂದಲ ಆಗಬಾರದು ಅಂತ. ಹಾಗೆ ಬರೆದಿದ್ದು ನಾನೇ."

"ಅಂದ್ರೆ ಕೂತೋರು ಲೆಕ್ಕಕ್ಕಿಲ್ಲ."

"ಇಲ್ಲ."

ಇನ್ನೊಂದು ದಾರಿ ಸಿಂಚನಾಳಿಗೆ ಹೊಳೆಯಿತು. ನಡುಗುವ ಹ್ಯಾಂಡಲ್ ಇಲ್ಲದ ಹಳೆಯ ಸೈಕಲ್‌ಗಳೂ ಆ ಹಾದಿಯಲ್ಲಿ ಓಡಾಡುತ್ತವೆ, ಮಾಲಿಗಳದ್ದು, ಅಕ್ಕಪಕ್ಕದ ಮಕ್ಕಳದ್ದು. ಅವುಗಳಿಗೆ ಯಾರೂ ಏನೂ ಹೇಳುವುದಿಲ್ಲ. ಎದುರಿಗೆ ಮನುಷ್ಯರಿದ್ದರೆ ಮಾತ್ರ ಅವು ಬಳಸಿ ಹೋಗಬೇಕು. ಆ ಗೆರೆಗಳನ್ನಷ್ಟೇ ಬೇರೆ ಮಾಡಿದರೆ ರೋಜಮ್ಮ ಕೊನೆಯದಾಗಿ ಕೂತ ದಿನ ಸಿಗುತ್ತದೆ. ಅವಳು ಮಾಡಿದಳು. ಇಬ್ಬರೂ ತೆರೆಯನ್ನು ನೋಡಿದರು. ಹಳೆಯ ಸೈಕಲ್‌ಗಳೂ ಬಳಸಿದ್ದವು, ಹಿಂದಿನ ದಿನ ಸಂಜೆಯವರೆಗೂ. ಮುಂದೆ ಹೋದವರನ್ನು ನೋಡಿ ಇರಬಹುದು, ಅರಿಶಿನವನ್ನು ನೋಡಿ ಇರಬಹುದು. ಸಿಂಚನಾ ತೆರೆಯನ್ನು ಆರಿಸಿ ಎದ್ದಳು.

ಇಬ್ಬರೂ ಹಾದಿಗೇ ಹೋಗಿ, ಪ್ರತಿದಿನ ಬರುವ ಮುದುಕರೊಬ್ಬರನ್ನು ನಿಲ್ಲಿಸಿ, ಇಲ್ಲಿ ಯಾರಾದರೂ ಕೂತಿರುತ್ತಿದ್ದರೇ ಎಂದು ಕೇಳಿದರು.

"ಇಲ್ಲೇನಾ? ಏನೋ ಇತ್ತಮ್ಮ ಮೊದಲು," ಎಂದರು ಅವರು ಹೆಲ್ಮೆಟ್ ತೆಗೆದು. "ಗಂಟೋ, ಮೂಟೆನೋ. ನಾನು ಸರಿಯಾಗಿ ನೋಡಲಿಲ್ಲ. ಈಗ ದೇವರು ಅಂತಾರೆ."

"ದೇವರಲ್ಲ ಸಾರ್, ನಮ್ಮಮ್ಮ," ಎಂದಳು ಭೂಮಿಕಾ.

ಮುದುಕರು ಗಾಬರಿಯಿಂದ ಕೈ ಮುಗಿದರು. ಅವಳಿಗೋ ಅರಿಶಿನಕ್ಕೋ ತಿಳಿಯಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಸಿಂಚನಾ ಉದ್ಯಾನದ ನಿಯಂತ್ರಣ ಕೊಠಡಿಗೆ ಬರುವಾಗ ಭೂಮಿಕಾ ಆಗಲೇ ಆ ಜಾಗದಲ್ಲಿ ಚಾಪೆ ಹಾಸುತ್ತಿದ್ದಳು. ಹೂವನ್ನು ಪಕ್ಕಕ್ಕೆ ಸರಿಸಿದ್ದಳು.

"ಎಡೆ?" ಎಂದು ಸಿಂಚನಾ ಕೇಳಿದಳು.

"ಇನ್ನೂ ಒಲೆ ಹಚ್ಚಿಲ್ಲ. ಸಂಜೆವರೆಗೆ ಇಲ್ಲಿ ಕೂರ್ತೀನಿ ಮೇಡಂ. ಯಾರಾದ್ರೂ ಒಬ್ಬರು ಸೈಕಲ್ ನಿಲ್ಲಿಸಿ, ಯಾಕಮ್ಮ ಇಲ್ಲಿ ಕೂತಿದೀಯ ಅಂತ ಕೇಳಿದ್ರೆ, ಅಮ್ಮನ್ನೂ ಯಾರೋ ಕೇಳಿರ್ತಾರೆ. ಮಾತಾಡ್ಸಿರ್ತಾರೆ, ಕರ್ಕೊಂಡು ಹೋಗಿರ್ತಾರೆ. ಆಗ ಹುಡುಕ್ತೀನಿ. ಯಾರೂ ಕೇಳಲಿಲ್ಲ ಅಂದ್ರೆ ಮನೆಗೆ ಹೋಗಿ ಅಪ್ಪನ ಪಕ್ಕ ಅವಳಿಗೂ ಎಲೆ ಹಾಕ್ತೀನಿ."

"ನಾನು ಕೇಳ್ತಾ ಇದೀನಲ್ಲ."

"ನೀವು ಗೊತ್ತಿರೋರು. ಲೆಕ್ಕಕ್ಕಿಲ್ಲ."

ಸಿಂಚನಾ ಕೊಠಡಿಗೆ ಹೋಗಿ ತೆರೆಯ ಮುಂದೆ ಕೂತಳು. ಸೈಕಲ್‌ಗಳು ಬಂದವು. ಬಾಗಿದವು, ಹೋದವು. ಬಿಳಿ ಜಾಗ ಹೆಚ್ಚಲಿಲ್ಲ, ಕುಗ್ಗಲಿಲ್ಲ. ಭೂಮಿಕಾ ಕೂತಿದ್ದಾಳೆ ಎಂದು ಅವಳಿಗೆ ಗೊತ್ತಿದ್ದದ್ದು ಕಣ್ಣಾರೆ ಕಂಡಿದ್ದರಿಂದ. ಮಧ್ಯಾಹ್ನ ಹನಿ ಬೀಳತೊಡಗಿದಾಗ ಆ ತಿಳಿವಳಿಕೆಯೂ ಸಡಿಲವಾಯಿತು. ಎದ್ದು ಮರದ ಕೆಳಗೆ ಹೋಗಿರಬಹುದು. ತಿರುಗಿ ಬಂದಿರಬಹುದು. ಗೆರೆಗಳು ಹಾಗೆಯೇ ಇದ್ದವು.

ಅವಳು ಯಾರನ್ನೂ ಕೇಳದೆ ಹಾದಿಯ ಎಚ್ಚರಿಕೆಯನ್ನು ಪೂರ್ತಿ ಆರಿಸಿದಳು. ಇನ್ನು ಯಾವ ಹ್ಯಾಂಡಲ್ಲೂ ನಡುಗದು. ಇನ್ನಾದರೂ ಜನ ಕಣ್ಣು ಬಿಟ್ಟು ನೋಡಬೇಕಾಗುತ್ತದೆ. ಮುಂದಿನ ಸೈಕಲ್ ಬಂತು. ಅದೇ ಕಡೆ, ಅಷ್ಟೇ ಅಗಲಕ್ಕೆ ಬಾಗಿತು. ಅದರ ಹಿಂದಿನದೂ ಬಾಗಿತು.

ಹಾದಿಗೆ ಇದನ್ನು ಕಲಿಸಿದ್ದು ತಾನು ಎಂದುಕೊಂಡಿದ್ದಳು ಸಿಂಚನಾ. ಚಿಕ್ಕವಳಿದ್ದಾಗ ಅವಳ ಶಾಲೆಯ ಬಸ್ಸು ದಿನವೂ ಮೈಸೂರು ರಸ್ತೆಯಲ್ಲಿ ಇದೇ ನದಿಯ ಪಕ್ಕ ಹೋಗುತ್ತಿತ್ತು. ಆಗ ಅದನ್ನು ಮೋರಿ ಎನ್ನುತ್ತಿದ್ದರು. ಮೋರಿ ಬಂದೊಡನೆ ಇಡೀ ಬಸ್ಸು ಮೂಗು ಮುಚ್ಚಿ ಇನ್ನೊಂದು ಕಿಟಕಿಯ ಕಡೆ ಹೊರಳುತ್ತಿತ್ತು. ಅಲ್ಲಿ ಶೀಟಿನ ಮನೆಗಳಿದ್ದವು, ಬಾಗಿಲುಗಳ ಮುಂದೆ ಜನ ಕೂತಿರುತ್ತಿದ್ದರು. ಅವರಲ್ಲಿ ಒಂದಾದರೂ ಮುಖವನ್ನು ನೆನಪಿಗೆ ತಂದುಕೊಳ್ಳಲು ಅವಳು ಪ್ರಯತ್ನಿಸಿದಳು. ಬಸ್ಸಿನ ಸೀಟಿನ ಬಣ್ಣ ನೆನಪಾಯಿತು. ಪಕ್ಕದ ಹುಡುಗಿಯ ರಿಬ್ಬನ್ ನೆನಪಾಯಿತು.

ಅಷ್ಟರಲ್ಲಿ ತೆರೆಯ ಮೇಲೆ ಒಂದು ಗೆರೆ ಬಿಳಿ ಜಾಗದ ಹತ್ತಿರದವರೆಗೆ ಬಂದು, ಅರ್ಧ ಬಾಗಿ, ಮುಂದೆ ಬರಲಿಲ್ಲ.

ಅವಳು ಕಾದಳು. ಬೇರೆ ಗೆರೆಗಳು ಅದನ್ನು ದಾಟಿ ಹೋದವು. ಅದು ಮಾತ್ರ ಅಲ್ಲೇ ಮುಗಿದಿತ್ತು. ಒದ್ದೆ ಟಾರಿನ ಮೇಲೆ ಜಾರಿ ನದಿಗೆ ಬಿದ್ದರೆ ಗೆರೆ ಹಾಗೆ ಮುಗಿಯುತ್ತದೆ. ಯಾರೋ ಕಾಲೂರಿ ನಿಂತು, ಯಾಕಮ್ಮ ಇಲ್ಲಿ ಕೂತಿದೀಯ ಎಂದು ಕೇಳುತ್ತಿದ್ದರೂ ಹಾಗೆಯೇ ಮುಗಿಯುತ್ತದೆ. ನಿಂತದ್ದನ್ನು ಹಾದಿ ಬಿಟ್ಟುಬಿಡುತ್ತದೆ.

ಕೊಡೆಯನ್ನು ತೆಗೆದುಕೊಳ್ಳದೆ ಅವಳು ಮೆಟ್ಟಿಲಿಳಿದಳು. ಸೈಕಲ್‌ಗಳು ಎದುರಿನಿಂದ ಬರುತ್ತಿದ್ದವು. ಅವಳ ಹತ್ತಿರ ಬಂದಾಗ ಒಂದೊಂದೂ ಸಲೀಸಾಗಿ ಪಕ್ಕಕ್ಕೆ ಸರಿದು ಹೋಗುತ್ತಿತ್ತು, ಮೇಲೆ ಕೂತವರು ತಮ್ಮ ತಮ್ಮ ಮಾತಿನಲ್ಲಿದ್ದರು. ಅವಳು ಅವರ ನಡುವೆ, ಹಾದಿಯ ನಟ್ಟನಡುವೆ, ಮಳೆಯಲ್ಲಿ ಮರೆಯಾಗಿದ್ದ ಆ ಜಾಗದ ಕಡೆ ಓಡತೊಡಗಿದಳು.