ಟೇಪು ಕೂಗುವ ತನಕ

ಸೂರ್ಯಕಾಂತ ಬಾವಿಯೊಳಗೆ ಟೇಪು ಇಳಿಬಿಡುತ್ತಿದ್ದ. ವಿದ್ಯಾವತಿ ಕಟ್ಟೆಗೆ ಒರಗಿ ನಿಂತಿದ್ದಳು. ಟೇಪಿನ ತುದಿ ನೀರಿಗೆ ತಾಗಿದರೆ ಅವನ ಕೈಯಲ್ಲಿರುವ ರೀಲು 'ಪೀಂ' ಎಂದು ಕೂಗಬೇಕು.

ಮೊದಲ ಸಲ ಆ ಸದ್ದು ಕೇಳಿದಾಗ ಅವಳು, "ಫೋನ್ ಎತ್ರಿ, ಆಗಿಂದ ಹೊಡಕೊಳ್ಳಾಕತ್ತದ," ಎಂದಿದ್ದಳು.

"ಫೋನ್ ಅಲ್ರಿ ಮೇಡಂ, ನೀರು."

ತೆಲಂಗಾಣದ ಆ ಹಳ್ಳಿಯಲ್ಲಿ ತಮ್ಮ ಕಡೆಯ ಮಾತು ಕೇಳಿ ಅವಳು ತಿರುಗಿ ನೋಡಿದ್ದಳು.

"ಯಾವೂರ್ರಿ ನಿಮ್ದು?"

"ಅಫಜಲಪುರ ತಾಲೂಕು, ಹವಳಗಾ. ನಿಮ್ದು?"

"ಆಳಂದ ಕಡಿ ನಿಂಬರ್ಗಾ. ಹವಳಗಾದಾಗ ಸಕ್ಕರಿ ಫ್ಯಾಕ್ಟರಿ ಅದ, ಮಾತು ಮಾತ್ರ ಖಾರ ಅಂತಾರಲ್ರಿ?"

"ಯಾರಂತಾರ?"

"ಈಗ ನಾನೇ ಅಂದೆ."

ಅವನು ನಗು ತಡೆದುಕೊಂಡು ರೀಲು ಸುತ್ತಿದ್ದ. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದ್ದ.

ಆ ಊರಿನ ಅಡಿಯಲ್ಲಿ ಕಲ್ಲಿದ್ದಲ ಗಣಿ. ಒಳಗೆ ಕಲ್ಲಿದ್ದಲು ತೆಗೆದಂತೆ ಮೇಲಿನ ನೆಲ ಎಷ್ಟು ಕುಸಿಯಿತೆಂದು ಹೊಲದ ಗೂಟಗಳ ಮಟ್ಟ ಅಳೆಯುವುದು ಅವಳ ಕೆಲಸ. ಬಾವಿಗಳ ನೀರು ಎಷ್ಟು ಇಳಿಯಿತೆಂದು ನೋಡುವುದು ಅವನದು. ತಿಂಗಳಿಗೊಮ್ಮೆ ಇಬ್ಬರ ದಾರಿ ಈ ಬಾವಿಯ ಬಳಿ ಕೂಡುತ್ತಿತ್ತು. ಅಳತೆ ಬೇಗ ಮುಗಿಯುತ್ತಿತ್ತು, ಅವರು ಬೇಗ ಹೊರಡುತ್ತಿರಲಿಲ್ಲ.

"ನಿಮ್ಮ ಅಪ್ಪಾರಿಗೆ ನಮ್ಮ ವಿಷಯ ಹೇಳಿದ್ರ್ಯಾ?" ಎಂದು ಅವನು ತಿಂಗಳು ತಿಂಗಳು ಕೇಳುತ್ತಿದ್ದ.

"ಮುಂದಿನ ರೀಡಿಂಗಿಗೆ."

"ಪ್ರತಿ ಸಲ ನೀರು ಕೆಳಗ ಹೋಗ್ತದ, ನಿಮ್ಮ ಮಾತು ಮುಂದ ಹೋಗ್ತದ."

ಹೋದ ವಾರ ಊರಿಗೆ ಹೋದಾಗ ಹೇಳಿದಳು. ತೊಗರಿ ರಾಶಿ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದ ಅಪ್ಪ ನಾಗಣ್ಣ ಹುಡುಗನ ಹೆಸರು ಕೇಳಿದ, ನೌಕರಿ ಕೇಳಿದ, ತಲೆದೂಗಿದ. ಆಮೇಲೆ, "ಯಾರ ಪೈಕಿ?" ಎಂದ.

"ಕೇರ್ಯಾಗಿನ ಅವರ ಮನ್ಯಾಗ ಬುದ್ಧನ ಫೋಟೋ ಅದ."

ನಾಗಣ್ಣ ಬೈಯಲಿಲ್ಲ. ಗೋಡೆಯ ಮೇಲಿನ ಬಸವಣ್ಣನ ಪಟದತ್ತ ಅವಳು ನೋಡಿದಳು. ಅವನು ನೋಡದೆ ಎದ್ದು ಹೋದ.

"ನೀ ಹೋದರ ನಿಮ್ಮಪ್ಪ ತಡಿಯೂದಿಲ್ಲ," ಎಂದಳು ತಾಯಿ ಗುರಮ್ಮ. "ತಿರುಗಿ ಕರಿಯೂದೂ ಇಲ್ಲ."

ಈಗ ಟೇಪು ತಳಕ್ಕೆ ಬಡಿದು ಸಡಿಲಾಯಿತು. ರೀಲು ಕೂಗಲಿಲ್ಲ. ಅವನು ಟೇಪನ್ನು ಕೈಯಿಂದಲೇ ಮೇಲೆಳೆದು ತುದಿ ಮುಟ್ಟಿ ನೋಡಿದ.

"ಪೂರಾ ಬತ್ತ್ಯಾದ," ಎಂದ ಸೂರ್ಯಕಾಂತ. "ಇದು ಈ ಊರಿನ ಕಡೀ ಬಾವಿ. ಇನ್ನ ನನಗಿಲ್ಲಿ ಕೆಲಸಿಲ್ಲ, ಬ್ಯಾರೆ ಗಣಿಗೆ ಹಾಕ್ಯಾರ. ನೀವು ಬರ್ತೀರ್ಯಾ?"

ಅವಳು ಅವನ ಬೆರಳಿಗೆ ಅಂಟಿದ ಕೆಸರನ್ನೇ ನೋಡುತ್ತಿದ್ದಳು. ಒಣ ಬಾವಿಯ ತಳದಲ್ಲೂ ಅಷ್ಟು ಹಸಿ ಉಳಿದಿತ್ತು.

"ಜೀವ ನಿನ್ನ ಮ್ಯಾಲೇ ಅದ, ಸೂರ್ಯಾ. ಆದರ ಆ ಮನಿ ಬಾಗಿಲ ಮುಚ್ಚಿಸಿ ಬರಾಕ ನನ್ನಿಂದ ಆಗೂದಿಲ್ಲ."

ಅವನು ಬೆರಳಿನ ಕೆಸರನ್ನು ಕಟ್ಟೆಗೆ ಒರೆಸಿದ.

"ಮೊದಲ ಸಲ 'ರಿ' ಬಿಟ್ಟು ಕರದ್ರಿ," ಎಂದ. "ಇದನ್ನ ಹೇಳಾಕ ಕರೀಬೇಕಿತ್ತಾ?"

ಅವನು ಟೇಪು ಸುತ್ತತೊಡಗಿದ. ಅವಳು ಅದನ್ನು ಹಿಡಿದಳು.

"ಇನ್ನೊಮ್ಮೆ ಬಿಡು."

"ನೀರಿಲ್ಲ ಅಂತ ಗೊತ್ತದಲ್ಲ?"

"ಗೊತ್ತದ."

ಅವನು ಟೇಪು ಬಿಟ್ಟ. ಇಬ್ಬರೂ ಕಟ್ಟೆಯ ಮೇಲೆ ಬಾಗಿ, ಕಿವಿಗೊಟ್ಟು ನಿಂತರು.