ಬೋರ್ಡ್ ಒಪ್ಪದ ವೇಗ

"ಇಶ್ಶಿ! ಅದನ್ನ ಕೈಯಲ್ಲಿ ಹಿಡ್ಕೊಂಡಿದ್ದೀರಾ?!"

ಅವಳು ಕುರ್ಚಿ ಸಮೇತ ಹಿಂದಕ್ಕೆ ಸರಿದಳು.

ಅವಳ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ ನೆಲದ ಮೇಲೆ ಮಂಡಿಯೂರಿದ್ದವನು, ಒಳಗಿನಿಂದ ಒಂದು ಸತ್ತ ಹಲ್ಲಿಯನ್ನು ಬಾಲ ಹಿಡಿದು ಎತ್ತಿದ್ದ. ಒಣಗಿ ಚಕ್ಕೆಯಾಗಿತ್ತು ಅದು. ಜೊತೆಗೆ ಧೂಳು, ಉದ್ದ ಕೂದಲು, ಜಿರಲೆಯ ಮುರಿದ ಕಾಲು... ಎಲ್ಲ ಸೇರಿ ಮುದ್ದೆಯಾಗಿ ನೇತಾಡುತ್ತಿತ್ತು.

"ನಿಮ್ಮದೇನಾ ಮೇಡಂ?" ಎಂದ ಬಹಳ ಗಂಭೀರವಾಗಿ.

ಅವಳು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಹಿಂದಿನಿಂದ ಇಡೀ ಸ್ಟುಡಿಯೋ ನಕ್ಕಿದ್ದು ಕೇಳಿಸಿತು.

ಮಕ್ಕಳಿಗಾಗಿ ಕಾರ್ಟೂನ್ ಚಿತ್ರ ಮಾಡುವ ಪುಟ್ಟ ಸ್ಟುಡಿಯೋ ಅದು. ಯಜಮಾನ ಅವಳ ಸ್ವಂತ ಅಣ್ಣ. ಅಪ್ಪ ಹೋದಮೇಲೆ ಅವಳನ್ನು ಓದಿಸಿ, ಕೈಗೆ ಕುಂಚ ಕೊಟ್ಟವನು. ಮಾತು ಮಾತಿಗೂ ಮೂಗು ಮುರಿಯುತ್ತಾಳೆಂದು ಅವಳಿಗೆ 'ಇಶ್ಶಿ' ಅಂತ ಹೆಸರಿಟ್ಟವನೂ ಅವನೇ. ತನ್ನ ರಿಪೇರಿ ಅಂಗಡಿಯಿಂದ ಇಲ್ಲಿನ ಯಂತ್ರ ಸರಿಮಾಡಲು ಹೊಸದಾಗಿ ಬರತೊಡಗಿದ್ದ ಈ ಹಲ್ಲಿಯ ಮಹಾಶಯನನ್ನು ಎಲ್ಲರೂ 'ಸಿಸ್ಟಮ್' ಎನ್ನುತ್ತಿದ್ದರು.

ಬಣ್ಣ ಹಚ್ಚುವಾಗಲೆಲ್ಲ ಅವಳ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಮೆಮೊರಿ ಸಾಲದು, ಹೆಚ್ಚಿಸಬೇಕು ಎಂದ ಸಿಸ್ಟಮ್, ಮರುದಿನ ಹೊಸದನ್ನು ತಂದ. ಅವಳು ಡಬ್ಬಿಯ ಮೇಲಿದ್ದದ್ದನ್ನು ಓದಿ ಹುಬ್ಬು ಗಂಟಿಕ್ಕಿದಳು.

"ನನ್ನ ಮದರ್‌ಬೋರ್ಡ್ ಒಪ್ಪೋದು ಮೂರು ಸಾವಿರದ ಇನ್ನೂರರ ವೇಗ ಮಾತ್ರ. ಇದು ಮೂರು ಸಾವಿರದ ಆರುನೂರರದ್ದು! ಯಾರಿಗೆ ಟೋಪಿ ಹಾಕ್ತಿದ್ದೀರಿ?"

"ಯಾರಿಗೂ ಇಲ್ಲ ಮೇಡಂ. ಕಡಿಮೆ ವೇಗದ್ದು ಅಂಗಡೀಲಿ ಮುಗಿದಿತ್ತು. ಇದನ್ನ ಹಾಕಿದ್ರೂ ಬೋರ್ಡ್ ತನಗೆ ಆಗೋಷ್ಟು ವೇಗದಲ್ಲೇ ಓಡಿಸುತ್ತೆ. ಮುಂದೆ ಬೋರ್ಡ್ ಬದಲಾಯಿಸಿದ್ರೆ ಪೂರ್ತಿ ವೇಗ ಸಿಗುತ್ತೆ."

"ಈಗಲೇ ಪೂರ್ತಿ ಓಡಿಸೋಕೆ ಆಗಲ್ವಾ?"

"ಸೆಟ್ಟಿಂಗ್ ಬದಲಾಯಿಸಿದ್ರೆ ಓಡಬಹುದು... ಓಡದೇನೂ ಇರಬಹುದು. ಕಂಪನಿಯವರು ಒಪ್ಪಿಲ್ಲ ಅಂದ್ರೆ ಗ್ಯಾರಂಟಿ ಇಲ್ಲ ಅಂತ ಅರ್ಥ. ಓಡಿದ ಹಾಗೇ ಕಾಣುತ್ತೆ, ಒಳಗೊಳಗೇ ಫೈಲ್ ಹಾಳಾಗುತ್ತೆ. ಸರಿಯಾಗಿ ಪರೀಕ್ಷೆ ಮಾಡದೆ ನಿಮ್ಮ ಕೆಲಸದ ಮೇಲೆ ಆ ಆಟ ಆಡಲ್ಲ ನಾನು."

ಮಾತು ಸರಿಯಾಗೇ ಇತ್ತು. ಆದರೆ ಅವನ ಉಗುರಿನ ಸಂದಿಯ ಕಪ್ಪು ನೋಡಿದೊಡನೆ ಅವಳು ತನಗರಿವಿಲ್ಲದೆ ಮೂಗು ಮುರಿದಳು. ಅವನು ಅದನ್ನು ಗಮನಿಸಿದ. ಅಂದಿನಿಂದ ಅವಳ ಮೇಜಿಗೆ ಬರುವ ಮೊದಲು ಸೋಪು ಹಾಕಿ ಕೈ ತೊಳೆದು, ಎರಡೂ ಅಂಗೈ ತೋರಿಸುತ್ತಿದ್ದ.

'ಏನು ಚಿಕ್ಕ ಮಗುವಾ ಇವನು!' ಎಂದುಕೊಳ್ಳುತ್ತಿದ್ದಳು. ಆದರೂ ಅವನು ಬರದ ದಿನ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು...

ಆಗ ಅವಳು ಒಂದು ಕುಂಟು ಬಾತುಕೋಳಿಯ ಚಿತ್ರ ಮಾಡುತ್ತಿದ್ದಳು. ಬಾತು ಮೊದಲ ಬಾರಿ ಕೆರೆಗೆ ಇಳಿಯುವ ದೃಶ್ಯ. ತಿಂಗಳುಗಟ್ಟಲೆ ಒಂದೊಂದು ಗರಿಗೂ ಜೀವ ತುಂಬಿದ್ದಳು. ಒಮ್ಮೆ ಸಿಸ್ಟಮ್ ಅವಳ ಬೆನ್ನ ಹಿಂದೆ ನಿಂತು ಅದನ್ನು ಕೊನೆಯವರೆಗೂ ನೋಡಿದ.

"ಹೇಗಿದೆ ಅಂತ ಹೇಳೋಕೂ ದಾಕ್ಷಿಣ್ಯಾನಾ?" ಅವಳೇ ತಿರುಗಿದಳು.

ಅವನ ಕಣ್ಣು ಒದ್ದೆಯಾಗಿತ್ತು.

"ನೀರಿಗೆ ಇಳಿಯೋ ಮುಂಚೆ ಒಂದು ಸಲ ಹಿಂದೆ ನೋಡುತ್ತಲ್ಲಾ... ಅದು ನಿಮಗೆ ಹೇಗೆ ಗೊತ್ತಾಯ್ತು?"

ಅವಳ ಎದೆ ಝಲ್ಲೆಂದಿತು! ಆ ಒಂದು ನೋಟಕ್ಕಾಗಿ ಅವಳು ಎಷ್ಟು ಒದ್ದಾಡಿದ್ದಳೆಂದು ಯಾರೂ ಕೇಳಿರಲಿಲ್ಲ.

ಟಿವಿ ಚಾನೆಲ್‌ನವರು ಚಿತ್ರ ನೋಡಲು ಬರುವ ದಿನ ಬಂತು. ಬೆಳಿಗ್ಗೆ ಅವಳು ಫೈಲ್ ತೆರೆಯಲು ಹೋದಳು. ತೆರೆಯಲಿಲ್ಲ. ಇನ್ನೊಂದು ಪ್ರತಿ ತೆರೆದಳು. ಬಾತುಕೋಳಿಯ ಜಾಗದಲ್ಲಿ ಬಣ್ಣಬಣ್ಣದ ಗೆರೆಗಳು. ಈಚಿನ ಪ್ರತಿಗಳೆಲ್ಲ ಹಾಗೆಯೇ!

ಸಿಸ್ಟಮ್ ಓಡಿ ಬಂದ. ಸೆಟ್ಟಿಂಗ್ ತೆರೆದು ನೋಡಿದೊಡನೆ ಅವನ ಮುಖ ಬಿಳಿಚಿತು. ಮೆಮೊರಿ ಮೂರು ಸಾವಿರದ ಆರುನೂರರಲ್ಲಿ ಓಡುತ್ತಿತ್ತು.

"ವೇಗ ಏರಿಸಿದ್ದೀರಿ..." ಅವಳು ಅವನತ್ತ ತಿರುಗಿದಳು. "ಆ ಆಟ ಆಡಲ್ಲ ಅಂದ್ರಲ್ಲಾ... ಆಡಿದ್ದೀರಿ! ನನ್ನ ಕೆಲಸದ ಮೇಲೆ!"

ಅವನು ತಲೆ ಎತ್ತಿ ಅವಳ ಅಣ್ಣನನ್ನು ನೋಡಿದ. ಅಣ್ಣ ಕಿಟಕಿಯಾಚೆ ನೋಡುತ್ತಿದ್ದ.

"ತಪ್ಪಾಯ್ತು" ಎಂದ ಸಿಸ್ಟಮ್.

"ತಪ್ಪಾಯ್ತಾ? ಅಷ್ಟೇನಾ? ನಿಮ್ಮನ್ನ ನೋಡಿದ್ರೆ ವಾಕರಿಕೆ ಬರುತ್ತೆ ನನಗೆ! ಆ ಸತ್ತ ಹಲ್ಲೀನೇ ವಾಸಿ! ಇನ್ನೊಂದು ಸಲ ಮುಖ ತೋರಿಸಬೇಡಿ!"

ಅವನು ಮೆಮೊರಿಯನ್ನು ಹಳೆಯ ವೇಗಕ್ಕೆ ಇಳಿಸಿ, ಚೀಲ ಹೆಗಲಿಗೇರಿಸಿ ಹೊರಟುಹೋದ.

ಚಾನೆಲ್‌ನವರು ಸ್ವಲ್ಪ ಕಾಲಾವಕಾಶ ಕೊಟ್ಟರು. ಅವಳು ಹಲ್ಲು ಕಚ್ಚಿ ಹಾಳಾದದ್ದನ್ನೆಲ್ಲ ಮತ್ತೆ ಬರೆದಳು. ಅವನ ಮೇಲಿನ ಅಸಹ್ಯವೇ ಅವಳನ್ನು ಕೂರಿಸಿ ಬರೆಸಿತು. ಆದರೆ ಬಾತು ಹಿಂದೆ ತಿರುಗುವ ಜಾಗ ಬಂದಾಗಲೆಲ್ಲ ಕೈ ನಿಂತುಬಿಡುತ್ತಿತ್ತು.

ಚಿತ್ರ ಒಪ್ಪಿಗೆಯಾದ ದಿನ ಅಣ್ಣ ಖುಷಿಯಲ್ಲಿದ್ದ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು, ಬಾಯಿ ತುಂಬ ಅನ್ನ ತುಂಬಿಕೊಂಡೇ ಅತ್ತಿಗೆಗೆ ಹೇಳಿದ:

"ನಾನೇ ಏರಿಸಿದ್ದು ಕಣೇ ಆ ವೇಗಾನ. ತಂದಮೇಲೆ ಪೂರ್ತಿ ಓಡಿಸೋದು ಬೇಡ್ವಾ ಅಂತ. ಯಡವಟ್ಟಾಯ್ತು. ಪಾಪ, ಆ ಹುಡುಗ ಬಾಯೇ ಬಿಡಲಿಲ್ಲ. ಈಗ ಕೆಲಸ ಆಯ್ತಲ್ಲ, ಬಿಡು!"

ಹೇಳುತ್ತಲೇ ಚಪ್ಪರಿಸಿ ಬೆರಳು ನೆಕ್ಕಿದ.

ಎದುರಿಗೆ ಕೂತಿದ್ದ ತಂಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಆ ಬೆರಳು, ಆ ಮೆಲ್ಲುವ ಬಾಯಿ, ಆ ನಗು... ತನ್ನನ್ನು ಸಾಕಿದ ಅಣ್ಣನನ್ನು ನೋಡಿ ಅವಳಿಗೆ ಜೀವನದಲ್ಲಿ ಮೊದಲ ಬಾರಿ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು.

"ಕಿಟಕಿ ನೋಡ್ತಾ ನಿಂತಿದ್ಯಲ್ಲಣ್ಣಾ! ನಾನು ಅವರನ್ನ ಹಾಗೆ ಉಗೀತಿದ್ರೆ..."

"ಯಜಮಾನ ಅಲ್ವೇನೇ ನಾನು. ಎಲ್ಲರ ಮುಂದೆ ಹೇಗೆ..."

"ನಾಳೆ ಹೇಳ್ತೀಯ. ಎಲ್ಲರ ಮುಂದೇನೇ. ಇಲ್ಲಾಂದ್ರೆ ಆ ಸ್ಟುಡಿಯೋಗೆ ನಾನು ಕಾಲಿಡಲ್ಲ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಅವನ ತಟ್ಟೆಗೆ ಬಡಿಸುವುದನ್ನು ನಿಲ್ಲಿಸಿದಳು.

ಮರುದಿನ ಅಣ್ಣ ತಲೆ ತಗ್ಗಿಸಿ ಎಲ್ಲರ ಮುಂದೆ ಹೇಳಿದ. ಅದನ್ನು ಕೇಳಿಸಿಕೊಂಡೇ ಅವಳು ಸಿಸ್ಟಮ್‌ನ ರಿಪೇರಿ ಅಂಗಡಿಗೆ ಹೊರಟಳು.

ಟೈಲರ್ ಅಂಗಡಿಯ ಮೇಲಿನ ಕಿರಿದಾದ ಕೋಣೆ. ಅವನು ಯಾರದೋ ಕೀಬೋರ್ಡ್ ತಲೆಕೆಳಗು ಮಾಡಿ ಕೊಡವುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮುಖದಲ್ಲಿ ಗಾಬರಿ.

"ಮತ್ತೆ ಫೈಲ್ ಹೋಯ್ತಾ?"

"ಇಲ್ಲ... ಅಣ್ಣ ಎಲ್ಲ ಹೇಳಿದ." ಅವಳು ಬಾಗಿಲಲ್ಲೇ ನಿಂತಿದ್ದಳು. "ಯಾಕೆ ಸುಮ್ಮನಿದ್ರಿ?"

"ನಿಮಗೆ ಅಣ್ಣ ಅಂದ್ರೆ ದೇವರು. ಅವತ್ತು ಚಿತ್ರಾನೂ ಹೋಗಿತ್ತು. ಅಣ್ಣನೂ ಹೋಗೋದು ಬೇಡ ಅನ್ನಿಸ್ತು."

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?" ಅವಳು ಸಿಡಿದಳು. "ನೀವು ದೊಡ್ಡ ಮನುಷ್ಯರಾದ್ರಿ. ನಾನು? ತಪ್ಪು ಮಾಡದವರ ಮುಖಕ್ಕೆ ಉಗಿದವಳಾದೆ! ಕನ್ನಡಿ ನೋಡೋಕೂ ಅಸಹ್ಯ ಆಗ್ತಿದೆ ನನಗೆ..."

ಕೊನೆಯ ಮಾತು ಬಿಕ್ಕಿನಲ್ಲಿ ಮುಳುಗಿತು.

ಅವನು ಕೀಬೋರ್ಡ್ ಕೆಳಗಿಟ್ಟ. "ಹಾಗೆ ಯೋಚನೆ ಮಾಡಲಿಲ್ಲ" ಎಂದ ಮೆಲ್ಲಗೆ. "ಅದು ನನ್ನ ತಪ್ಪೇ."

"ಕ್ಷಮಿಸಿ ಅಂತ ಕೇಳೋಕೆ ಬಂದೆ. ಬರೀ ಅದಕ್ಕಲ್ಲ..." ಅವಳು ಕಣ್ಣೊರೆಸಿಕೊಂಡು ನೇರವಾಗಿ ನೋಡಿದಳು. "ನನಗೆ ನೀವಂದ್ರೆ ಇಷ್ಟ. ಬೈಯ್ಯುವಾಗಲೂ ಇಷ್ಟ ಇತ್ತು. ಅದಕ್ಕೇ ಅಷ್ಟು ಕೆಟ್ಟದಾಗಿ ಬೈದೆ."

ಕೆಳಗೆ ಹೊಲಿಗೆ ಯಂತ್ರ ಗಡಗಡ ಓಡಿ ನಿಂತಿತು.

"ಏನಾದ್ರೂ ಹೇಳಿ. ಬೈಯ್ಯೋದಿದ್ರೆ ಬೈರಿ!"

"ನನಗೆ ಬೈಯ್ಯೋಕೆ ಬರಲ್ಲ."

"ಇನ್ಮೇಲೆ ನನ್ನ ಹತ್ರ ಸುಮ್ಮನಿರೋ ಹಾಗಿಲ್ಲ. ಈಗಲೇ ಬೈರಿ. ಒಂದೇ ಒಂದು ಮಾತು."

ಅವನು ಕೈಯ ಧೂಳನ್ನು ಅಂಗಿಗೆ ಒರೆಸಿಕೊಂಡ.

"ಇಷ್ಟು ದಿನ... ಯಾಕೆ ಬರಲಿಲ್ಲ ನೀನು?"

'ನೀವು' ಹೋಗಿ 'ನೀನು' ಆಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಾಯಿತು. ಮುಂದೆ ಬಂದು ಅವನ ಧೂಳು ಹಿಡಿದ ಅಂಗಿಗೆ ಹಣೆಯಾನಿಸಿದಳು.

"ಬಂದೆನಲ್ಲೋ..."